ಕಾಯುವ ಖರ್ಚು

ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಿದ್ದಾರೆ. ಬರೆದವರೆಲ್ಲ ಹೆಚ್ಚುಕಡಿಮೆ ಅಲ್ಲಿಯ ಹರಟೆಯನ್ನೇ ನೆನೆದಿದ್ದಾರೆ. ಯಾರು ಬಂದು ಕೂತರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಏನಂದರು, ಯಾವ ಹಸ್ತಪ್ರತಿ ಮೊದಲು ಯಾರ ಕೈಗೆ ಬಿತ್ತು ಎಂದು. ಆ ಹರಟೆಗೆ ತೂಕವಿತ್ತು, ಇಲ್ಲವೆನ್ನುವುದಿಲ್ಲ. ನನ್ನ ಗಮನ ಮಾತ್ರ ಆ ಅಟ್ಟದ ಕಿರ್ದಿ-ಖಾತೆಗಳ ಕಡೆಗೆ ಹೋಗುತ್ತದೆ. ಹರಟೆಗೆ ಚಹಾ ತರಿಸಿದರೆ ಸಾಕು, ಪುಸ್ತಕಕ್ಕೆ ಕಾಗದ ತರಿಸಬೇಕು. ಕಾಗದದವನು ಹರಟೆ ಕೇಳಿ ಬಾಕಿ ಬಿಡುವವನಲ್ಲ.

1933ರಲ್ಲಿ ಜಿ.ಬಿ. ಜೋಶಿಯವರು ಈ ಮಾಲೆಯನ್ನು ಶುರು ಮಾಡಿದಾಗ ಹಿಡಿದ ದಾರಿ ಚಂದಾದ್ದು. ಓದುಗ ವರ್ಷಕ್ಕಿಷ್ಟು ಎಂದು ಮುಂಗಡ ಕಟ್ಟುತ್ತಾನೆ, ಆ ವರ್ಷ ಅಚ್ಚಾಗುವ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಜಡಭರತ ಎಂಬ ಹೆಸರಿನಲ್ಲಿ ‘ಮೂಕಬಲಿ’, ‘ಸತ್ತವರ ನೆರಳು’ ಬರೆದ ನಾಟಕಕಾರರೂ ಇವರೇ. ಆದರೆ ಅವರ ಬದುಕಿನ ದೊಡ್ಡ ಪಾಲು ಚಂದಾದಾರರನ್ನು ಹುಡುಕುವುದರಲ್ಲಿ, ಕೂಡಿಸುವುದರಲ್ಲಿ, ಬಿಟ್ಟುಹೋದವರನ್ನು ಮತ್ತೆ ಕರೆತರುವುದರಲ್ಲಿ ಕಳೆಯಿತು. ಚಂದಾ ಕಟ್ಟಿದವನಿಗೆ ಆ ವರ್ಷ ಏನು ಬರುತ್ತದೆಂದು ಪೂರ್ತಿ ಗೊತ್ತಿರುತ್ತಿರಲಿಲ್ಲ. ಕೆಲವು ಪುಸ್ತಕಗಳನ್ನು ಲೇಖಕ ಇನ್ನೂ ಬರೆದು ಮುಗಿಸಿಯೂ ಇರುತ್ತಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗನೊಬ್ಬನ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಈ ಮಾಲೆಯಿಂದ ಬಂತು. ಆಗ ಗಿರೀಶ ಕಾರ್ನಾಡ ಎಂದರೆ ಯಾರಿಗೆ ಗೊತ್ತಿತ್ತು? ಗೊತ್ತಿಲ್ಲದವನ ಪುಸ್ತಕಕ್ಕೆ ಹಾಕಲು ದುಡ್ಡಿತ್ತೆಂದರೆ ಅದರಲ್ಲೊಂದು ಪಾಲು ಯಾವುದೋ ಊರಿನ ಮಾಸ್ತರರು, ಗುಮಾಸ್ತರು, ವಕೀಲರು ಮುಂಗಡ ಕೊಟ್ಟದ್ದು.

ನಾನು ಹೇಳಹೊರಟದ್ದು ಅಲ್ಲಿಂದಲೇ ಹುಟ್ಟುತ್ತದೆ. ಒಳ್ಳೆಯ ಪುಸ್ತಕ ಸಾಮಾನ್ಯವಾಗಿ ತಡವಾಗಿ ಓದುಗನನ್ನು ಮುಟ್ಟುತ್ತದೆ. ಬರೆದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ, ಅದು ಬೇಕಾದವನು ಅಂಗಡಿಗೆ ಬರುವ ವರ್ಷ ಇನ್ನೂ ಬೇರೆ. ಈ ನಡುವಿನ ಕಾಲವನ್ನು ಯಾರೋ ಕಾಯಬೇಕು. ಕಾಯುವುದಕ್ಕೆ ಖರ್ಚಿದೆ: ಜಾಗದ ಬಾಡಿಗೆ, ಸಿಕ್ಕಿಬಿದ್ದ ದುಡ್ಡು, ಧೂಳು, ಗೆದ್ದಲು, ಬೇಸರ. ಆ ಖರ್ಚು ಯಾರ ತಲೆಯ ಮೇಲೆ ಬೀಳಬೇಕು? ಕನ್ನಡದ ಪುಸ್ತಕ ವ್ಯಾಪಾರದ ಕಥೆಯಲ್ಲಿ ಈ ಒಂದು ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರ ಸಿಕ್ಕಿದೆ.

ಚಂದಾ ಪದ್ಧತಿಗಿಂತ ಮುಂಚೆ ಉತ್ತರ ಸರಳವಾಗಿತ್ತು. ಬರೆದವನೇ ಹೊರಬೇಕು. ಗಳಗನಾಥರು ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಗಂಟು ಕಟ್ಟಿ ಹೊತ್ತು ಊರೂರು ಅಲೆದು ಮಾರಿದರು. ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು ಎಂದು ಅವರನ್ನು ಈಗ ಭಾಷಣಗಳಲ್ಲಿ ಕೊಂಡಾಡುತ್ತೇವೆ. ಕೊಂಡಾಡುವಾಗ ಆ ಗಂಟಿನ ಭಾರ ಕಾವ್ಯವಾಗಿಬಿಡುತ್ತದೆ. ಹಾವೇರಿ ಸೀಮೆಯ ಬಿಸಿಲಿನಲ್ಲಿ ಪುಸ್ತಕದ ಗಂಟು ಹೊತ್ತು ನಡೆಯುವುದು ಕಾವ್ಯವಲ್ಲ, ದುಡಿಮೆ. ಶಿವರಾಮ ಕಾರಂತರೂ ಪುತ್ತೂರಿನಲ್ಲಿ ಅಚ್ಚುಕೂಟ ಇಟ್ಟುಕೊಂಡು ಕೈಸುಟ್ಟುಕೊಂಡವರೇ. ಬರೆದವರೇ ಹೊತ್ತ ಆ ಭಾರದಲ್ಲಿ ಒಂದು ಪಾಲನ್ನು ಮನೋಹರ ಗ್ರಂಥಮಾಲೆಯಂಥವರು ಚಂದಾ ಮೂಲಕ ಓದುಗನ ಹೆಗಲಿಗೆ ದಾಟಿಸಿದರು. ನನಗೆ ಇದೊಂದು ನೈತಿಕ ಆವಿಷ್ಕಾರದಂತೆಯೇ ಕಾಣುತ್ತದೆ. ಓದುಗ ಬರೀ ಗಿರಾಕಿಯಾಗಿದ್ದವನು ಪಾಲುದಾರನಾದ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ, ಇಲ್ಲದಿದ್ದರೆ ಇದೆಲ್ಲ ಬರೀ ಮಾತಾಗುತ್ತದೆ. ಈ ಅಂಕಿಗಳು ಯಾವುದೇ ಪ್ರಕಾಶಕರ ಖಾತೆಯಿಂದ ತೆಗೆದವಲ್ಲ, ಮಾತಿಗೊಂದು ಉದಾಹರಣೆ. ಸಣ್ಣ ಊರಿನ ಪ್ರಕಾಶಕ ಒಂದು ಕಥಾಸಂಕಲನ ತರುತ್ತಾನೆ ಎನ್ನಿ. 500 ಪ್ರತಿ. ಮುಖಬೆಲೆ 200 ರೂಪಾಯಿ. ಕಾಗದ, ಡಿಟಿಪಿ, ಕರಡು ತಿದ್ದಿದವರ ಸಂಭಾವನೆ, ಮುಖಪುಟ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಗೆ 80 ರೂಪಾಯಿ. ಅಂದರೆ ಪುಸ್ತಕ ಹೊರಬರುವ ಮೊದಲೇ 40,000 ಹೋಯಿತು. ಅಂಗಡಿಗೆ ನೂರಕ್ಕೆ 35ರ ರಿಯಾಯಿತಿ ಕೊಟ್ಟರೆ ಪ್ರಕಾಶಕನಿಗೆ ಬರುವುದು 130. ಅದರಲ್ಲಿ ಲೇಖಕನ ಗೌರವಧನ ಹತ್ತು ಪರ್ಸೆಂಟ್, 20 ರೂಪಾಯಿ. ಕೈಗೆ 110. ಹಾಕಿದ ದುಡ್ಡು ಹಿಂದಕ್ಕೆ ಬರುವುದು 364ನೆಯ ಪ್ರತಿ ಮಾರಿ, ಅದರ ಹಣ ಬಂದು ಸೇರಿದ ಮೇಲೆ. ಲಾಭವೆನ್ನುವುದು ಇರುವುದೆಲ್ಲ ಕೊನೆಯ 136 ಪ್ರತಿಗಳಲ್ಲಿ. ಐನೂರೂ ಖರ್ಚಾದರೆ ಸುಮಾರು 15,000. ಅಂಚೆ, ಕಟ್ಟು, ಗೋದಾಮು, ಓಡಾಟ ಕಳೆದರೆ ಎಷ್ಟುಳಿಯಿತು ಎಂದು ನೀವೇ ಊಹಿಸಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ 136. ಮೊದಲ ಇನ್ನೂರು ಪ್ರತಿ ಬಿಡುಗಡೆಯ ಗದ್ದಲದಲ್ಲಿ, ಸ್ನೇಹಿತರ ದಾಕ್ಷಿಣ್ಯದಲ್ಲಿ, ವಿಮರ್ಶೆಯೊಂದು ಬಂದ ವಾರದಲ್ಲಿ ಹೋಗುತ್ತವೆ. ಆಮೇಲೆ ತಿಂಗಳಿಗೆ ಕೆಲವೇ ಕೆಲವು, ಅದೂ ಬರಬರುತ್ತ ಕಡಿಮೆ. ಕೊನೆಯ ಪ್ರತಿಗಳು ಹೋಗುವುದು ಮೂರನೆಯ, ಐದನೆಯ ವರ್ಷದಲ್ಲಿ. ಪ್ರಕಾಶಕನ ಅನ್ನ ಇರುವುದೇ ಆ ನಿಧಾನದ ತುದಿಯಲ್ಲಿ. ಹಾಗಾಗಿ ಯಾರಾದರೂ ‘ಆರು ತಿಂಗಳಲ್ಲಿ ಓಡದ ಪುಸ್ತಕ ವಾಪಸು’ ಎಂದರೆ ಅವರು ವ್ಯಾಪಾರದ ಒಂದು ಸಾಮಾನ್ಯ ನಿಯಮ ಹೇಳುತ್ತಿದ್ದಾರೆ ಅನ್ನಿಸಬಹುದು. ಅದರಲ್ಲಿ ಕತ್ತರಿಸಿ ಹೋಗುವುದು ಮಾತ್ರ ಸರಿಯಾಗಿ ಆ 136.

ಈ ಮಾತು ಗೊತ್ತಿರುವ ಅಂಗಡಿಯವರೊಬ್ಬರು ಮಲೆನಾಡಿನ ನಮ್ಮ ಕಡೆಯ ತಾಲ್ಲೂಕು ಪೇಟೆಯೊಂದರಲ್ಲಿದ್ದಾರೆ. ಅವರದು ಪುಸ್ತಕದಂಗಡಿ ಎಂದರೆ ಅವರಿಗೇ ನಗು ಬರುತ್ತದೆ. ಜೆರಾಕ್ಸ್, ಲ್ಯಾಮಿನೇಶನ್, ಲಾಂಗ್ ಬುಕ್ಕು, ಕಂಪಾಸ್ ಪೆಟ್ಟಿಗೆ, ಪುಸ್ತಕಕ್ಕೆ ಬೈಂಡು ಹಾಕುವ ಖಾಕಿ ಕಾಗದ, ಪರೀಕ್ಷೆಯ ರಟ್ಟು, ರಾಖಿ ಕಾಲದಲ್ಲಿ ರಾಖಿ. ಜೀವನ ನಡೆಯುವುದು ಇವುಗಳಿಂದ. ಒಳಗಡೆ, ಜೆರಾಕ್ಸ್ ಯಂತ್ರದ ಬೆನ್ನಿಗೆ, ನಾಲ್ಕು ಖಾನೆಯ ಒಂದು ಕಪಾಟು. ಅದರಲ್ಲಿ ಹತ್ತಿರದ ಊರುಗಳ ಲೇಖಕರದ್ದು, ಹೆಗ್ಗೋಡಿನ ಅಕ್ಷರ ಪ್ರಕಾಶನದ್ದು, ಒಂದೆರಡು ಧಾರವಾಡದ್ದು. ಆ ಮೂಲೆಯಲ್ಲಿ ಯಂತ್ರದ ಬಿಸಿ ಇರುವುದರಿಂದ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದಿಲ್ಲ ಎಂಬುದು ಅವರ ಸಂಶೋಧನೆ. ಮೊದಲು ಬೀದಿಗೆ ಕಾಣುವ ಹಾಗೆ ಬಾಗಿಲ ಪಕ್ಕ ಇಟ್ಟಿದ್ದರಂತೆ. ಬಿಸಿಲಿಗೆ ಬೆನ್ನಿನ ಬಣ್ಣ ಹೋಯಿತು. ಕೆಂಪು ಮುಖಪುಟಗಳು ಮೊದಲು ಬಿಳಚುತ್ತವೆ, ಆಮೇಲೆ ಹಸಿರು, ಕಪ್ಪು ಮಾತ್ರ ತಡೆಯುತ್ತದೆ.

ಒಂದು ಮಧ್ಯಾಹ್ನ ನಾನು ಅಲ್ಲಿ ನಿಂತಿದ್ದಾಗ ಕಪಾಟಿನಲ್ಲಿದ್ದ ಒಂದು ಪುಸ್ತಕ ತೋರಿಸಿ ಇದು ಹೋಗುತ್ತದೆಯೇ ಎಂದೆ. ಕೆರೆಗಳ ಬಗ್ಗೆ ಒಬ್ಬ ನಿವೃತ್ತ ಇಂಜಿನಿಯರು ಬರೆದದ್ದು, ದಪ್ಪ ಪುಸ್ತಕ.

“ಹೋಗ್ತದೆ. ಯಾರಿಗೆ ಅಂತ್ಲೂ ಗೊತ್ತುಂಟು. ಅವರು ಇನ್ನೂ ಬರ್ಲಿಲ್ಲ, ಅಷ್ಟೇ ಮಾರಾಯ್ರೆ.”

ಯಾರು ಎಂದು ಕೇಳಿದ್ದಕ್ಕೆ ಹೆಸರು ಹೇಳಲಿಲ್ಲ. ಒಬ್ಬ ಪಂಚಾಯತಿ ಸದಸ್ಯನ ಮಗಳು, ಬೆಂಗಳೂರಿನಲ್ಲಿ ಏನೋ ಓದುತ್ತಿದ್ದಾಳೆ, ಹಬ್ಬಕ್ಕೆ ಊರಿಗೆ ಬಂದಾಗ ಪ್ರತಿ ಸಲ ಕಪಾಟು ನೋಡಿ ಹೋಗುತ್ತಾಳೆ, ಈ ಸಲ ತಗೊಳ್ಳುತ್ತಾಳೆ ಎಂದರು. ತಗೊಂಡಳೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ತಗೊಂಡಿದ್ದರೆ ಕಥೆ ಚೆನ್ನಾಗಿರುತ್ತದೆ, ಅದೇ ಅದರ ತೊಂದರೆ. ಅವಳು ತಗೊಳ್ಳದಿದ್ದರೂ ಆ ಮನುಷ್ಯ ಒಬ್ಬ ನಿರ್ದಿಷ್ಟ ಓದುಗಳಿಗಾಗಿ ತನ್ನ ಅಂಗಡಿಯ ಮುಕ್ಕಾಲು ಅಡಿ ಜಾಗ ಹಿಡಿದಿಟ್ಟಿದ್ದು ನಿಜ. ಆ ಮುಕ್ಕಾಲು ಅಡಿಯಲ್ಲಿ ಎರಡು ಡಜನ್ ಜಾಮಿಟ್ರಿ ಪೆಟ್ಟಿಗೆ ಹಿಡಿಯುತ್ತಿತ್ತು.

ಇಂಥವರನ್ನು ದೇವರ ಮಟ್ಟಕ್ಕೆ ಏರಿಸುವುದು ಬೇಡ. ಅದೇ ಅಂಗಡಿಯ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರಕಾಶಕ ಐದು ಪ್ರತಿ ಕಳಿಸುತ್ತಾನೆ, ಜತೆಗೆ ಒಂದು ಚಲನ್. ಒಪ್ಪಂದವೆಂದರೆ ಮಾರಿದ ಮೇಲೆ ದುಡ್ಡು. ಏಪ್ರಿಲಿನಲ್ಲಿ ಮೂರು ಪ್ರತಿ ಹೋದವು ಎನ್ನಿ. ಮೇ ಕೊನೆಗೆ ಶಾಲೆ ಶುರುವಾಗುವ ಹೊತ್ತು, ಅಂಗಡಿಯವರ ಕೈಯಲ್ಲಿದ್ದ ನಗದೆಲ್ಲ ನೋಟ್‌ಬುಕ್ಕಿನ ಸಗಟು ವ್ಯಾಪಾರಿಗೆ ಹೋಯಿತು. ಅವನು ಉದ್ದರಿ ಕೊಡುವುದಿಲ್ಲ. ಪುಸ್ತಕದ ಪ್ರಕಾಶಕ ಕೊಡುತ್ತಾನೆ, ಹಾಗಾಗಿ ಅವನ ದುಡ್ಡು ಕಾಯಬಹುದು. ಜುಲೈ ಹೋಗುತ್ತದೆ, ಗಣೇಶನ ಹಬ್ಬ ಹೋಗುತ್ತದೆ, ದೀಪಾವಳಿಗೆ ಪ್ರಕಾಶಕ ಫೋನ್ ಮಾಡುತ್ತಾನೆ. ಫೋನ್ ಮಾಡುವ ಮೊದಲು ಅವನು ಎಷ್ಟು ಸಲ ಹಿಂದೆಮುಂದೆ ನೋಡುತ್ತಾನೆ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಮುನ್ನೂರ ತೊಂಬತ್ತು ರೂಪಾಯಿಗೆ ಫೋನ್ ಮಾಡಿದರೆ ಸಣ್ಣತನ, ಮಾಡದಿದ್ದರೆ ಇಂಥ ಐವತ್ತು ಅಂಗಡಿಗಳಲ್ಲಿ ಮುಂದಿನ ಪುಸ್ತಕದ ಕಾಗದ ಸಿಕ್ಕಿಕೊಂಡಿರುತ್ತದೆ.

ಅಂಗಡಿಯವರು ಕಳ್ಳರಲ್ಲ. ಮೆತ್ತಗಿರುವವನ ದುಡ್ಡನ್ನು ಕೊನೆಗೆ ಕೊಡುವುದು ನಾವೆಲ್ಲ ಮಾಡುವ ಕೆಲಸ. ಕರೆಂಟ್ ಬಿಲ್ಲು ಕಟ್ಟದಿದ್ದರೆ ಫ್ಯೂಸು ಕೀಳುತ್ತಾರೆ, ಪುಸ್ತಕದ ಬಾಕಿಗೆ ಯಾರೂ ಏನೂ ಕೀಳುವುದಿಲ್ಲ. ಸಜ್ಜನಿಕೆ ಇದ್ದ ಕಡೆಗೇ ಕಾಯುವ ಖರ್ಚು ಹರಿದು ಹೋಗಿ ನಿಲ್ಲುತ್ತದೆ. ಸಮಾಜ ಒಟ್ಟಾಗಿ ಹೊರಬೇಕಾದ್ದನ್ನು ಹೀಗೆ ಒಬ್ಬ ದಾಕ್ಷಿಣ್ಯದ ಮನುಷ್ಯನ ಮೇಲೆ ಹಾಕಿ, ಆಮೇಲೆ ಅವನು ಮುಚ್ಚಿಕೊಂಡು ಹೋದಾಗ ‘ಕನ್ನಡಕ್ಕೆ ದೊಡ್ಡ ನಷ್ಟ’ ಎಂದು ಬರೆಯುತ್ತೇವೆ. ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದಾಗ ಹಾಗೆ ಬರೆದವರು ಬಹಳ ಮಂದಿ. ಅಶೋಕವರ್ಧನರು ‘ಪುಸ್ತಕ ಮಾರಾಟ ಹೋರಾಟ’ ಎಂದು ಪುಸ್ತಕವನ್ನೇ ಬರೆದು ಈ ವ್ಯಾಪಾರದ ಒಳಹೊರಗನ್ನು ಮೊದಲೇ ಕನ್ನಡಿಗರ ಮುಂದಿಟ್ಟಿದ್ದರು.

ಕಾಯುವ ಖರ್ಚೇ ಇಲ್ಲದ ಪುಸ್ತಕಗಳೂ ಇವೆ. ಯುಗಾದಿಗೆ ಮುಂಚೆ ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನ, ಕರ್ಪೂರ, ಊದುಬತ್ತಿಯ ನಡುವೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗ ನೋಡಿ. ಅದೂ ಒಂದು ಊರಿನ ಪ್ರಕಟಣೆ, ಅದನ್ನೂ ಮಾರುವವರು ಊರಿನ ಅಂಗಡಿಯವರೇ. ಹಬ್ಬಕ್ಕೆ ಮುಂಚೆ ಖರ್ಚಾಗುತ್ತದೆ, ಸಂವತ್ಸರ ಮುಗಿದ ಮೇಲೆ ಒಲೆಗೆ. ಗದಗಿನ ಶಾಬಾದಿಮಠದವರ ಪುರಾಣ, ನಾಟಕದ ಪುಸ್ತಕಗಳಿಗೆ ಜಾತ್ರೆಯೇ ಪೇಟೆ. ಉಡುಪಿಯ ಪಾವಂಜೆ ಗುರುರಾವ್ ಅವರ ಯಕ್ಷಗಾನ ಪ್ರಸಂಗಗಳಿಗೆ ಭಾಗವತರು, ಅರ್ಥಧಾರಿಗಳು ಕಾಯಂ ಗಿರಾಕಿಗಳು. ಆಟ ನಿಲ್ಲುವವರೆಗೆ ಪ್ರಸಂಗಕ್ಕೆ ಬೇಡಿಕೆ ಇದ್ದೇ ಇದೆ. ನಮ್ಮ ಸಾಹಿತ್ಯ ಚರಿತ್ರೆಗಳು ಈ ಪ್ರಕಾಶಕರ ಹೆಸರು ಎತ್ತುವುದು ಕಡಿಮೆ. ಆದರೆ ಒಂದು ಪುಸ್ತಕ ಜನರ ನಿತ್ಯದ ಯಾವುದಾದರೂ ಕೆಲಸಕ್ಕೆ ಅಂಟಿಕೊಂಡಿದ್ದರೆ ಆ ಕೆಲಸವೇ ಅದನ್ನು ಹೊತ್ತುಕೊಂಡು ಹೋಗುತ್ತದೆ ಎಂಬುದಕ್ಕೆ ಇವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಥೆ, ಕವಿತೆ, ವಿಚಾರದ ಪುಸ್ತಕಗಳಿಗೆ ಅಂಥ ಕೆಲಸ ಇಲ್ಲ. ಬೇಕೆಂದು ಗೊತ್ತಾಗುವ ಮೊದಲೇ ಅವು ಅಲ್ಲಿರಬೇಕು.

ಈ ಕೊರತೆ ತುಂಬಲು ಸರ್ಕಾರ ಬಂತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಆಸ್ತಿ ತೆರಿಗೆಯ ಜತೆ ವಸೂಲಾಗುವ ಗ್ರಂಥಾಲಯ ಕರ, ಆ ಕರದಿಂದ ಪುಸ್ತಕ ಖರೀದಿ. ತತ್ವದಲ್ಲಿ ಇದು ಜೋಶಿಯವರ ಚಂದಾದ ವಿಸ್ತಾರವೇ. ಮನೆ ಇರುವವರೆಲ್ಲ ಚಂದಾದಾರರು. ಇದರಿಂದ ಎಷ್ಟೋ ಒಳ್ಳೆಯ ಪುಸ್ತಕಗಳು ಬದುಕಿದವು, ಹಳ್ಳಿಯ ಹುಡುಗರು ಓದಿದರು, ಅದನ್ನು ಮರೆಯಬಾರದು. ಆದರೆ ಬಹಳ ಕಡೆ ಅದು ಅಂಗಡಿಯನ್ನು ಬದಿಗೆ ಸರಿಸಿತು. ಬೆಲೆ ಪುಟದ ಲೆಕ್ಕದಲ್ಲಿ ಸಿಕ್ಕುವಾಗ ಪುಸ್ತಕ ದಪ್ಪವಾಗುವುದು ಸಹಜ, ಅಕ್ಷರವೂ ಸ್ವಲ್ಪ ದೊಡ್ಡದಾಗುತ್ತದೆ. ಖರೀದಿಯ ಪಟ್ಟಿಗೆ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿ, ಒಂದೇ ಒಂದನ್ನೂ ಅಂಗಡಿಗೆ ಕಳಿಸದ ಪ್ರಕಾಶನಗಳು ಹುಟ್ಟಿಕೊಂಡವು. ಅಲ್ಲಿ ಓದುಗ ಬೇಕಾಗಿಯೇ ಇಲ್ಲ. ಅಂಗಡಿಯನ್ನು ನಂಬಿಕೊಂಡ ಪ್ರಕಾಶಕನಿಗೆ ಈ ಖರೀದಿಯ ಹಣ ಬರುವುದು ತಡವಾದರೆ ಕಾಯುವ ಖರ್ಚು ಮತ್ತೆ ಅವನ ಮೇಲೆಯೇ ಬಂತು, ಈ ಸಲ ಬಡ್ಡಿ ಸಮೇತ.

ಅಂಚೆಯ ಮಾತೂ ಇದಕ್ಕೆ ಸೇರಿದ್ದೇ. ಸಣ್ಣ ಪ್ರಕಾಶಕನಿಗೆ ರಾಜ್ಯವಿಡೀ ಅಂಗಡಿ ಇಲ್ಲ, ಅವನಿಗಿದ್ದದ್ದು ನೋಂದಾಯಿತ ಬುಕ್‌ಪೋಸ್ಟ್. ಕಡಿಮೆ ದರದಲ್ಲಿ ಎರಡು ಪುಸ್ತಕದ ಕಟ್ಟು ಬೀದರಿಗೂ ಹೋಗುತ್ತಿತ್ತು, ಮಡಿಕೇರಿಗೂ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿತು. ಒಂದು ದಿನ ಕೌಂಟರಿನಲ್ಲಿ ಆ ದರ ಸಿಗಲಿಲ್ಲ, ಅಷ್ಟೇ. 150 ರೂಪಾಯಿಯ ಪುಸ್ತಕಕ್ಕೆ ಅದರ ಅರ್ಧದಷ್ಟು ಅಂಚೆ ವೆಚ್ಚ ಬೀಳುವ ಪರಿಸ್ಥಿತಿ ಬಂತು. 2025ರ ಮೇ ತಿಂಗಳಿನಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ, 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ ನೂರು, ಮೇಲೆ ತೆರಿಗೆ. ಬಂದದ್ದು ಒಳ್ಳೆಯದೇ. ನಡುವಿನ ಆ ನಾಲ್ಕೈದು ತಿಂಗಳು ಪುಸ್ತಕ ಕಳಿಸುವವರು ಕೌಂಟರಿನಲ್ಲಿ ಕಟ್ಟಿದ ಹೆಚ್ಚಿನ ದುಡ್ಡು ಯಾವ ಅಂಕಿಅಂಶದಲ್ಲೂ ಕಾಣಸಿಗುವುದಿಲ್ಲ.

ಇನ್ನು ಓದುಗರಾದ ನಮ್ಮ ಕಡೆಗೆ ಬರೋಣ. ಪುಸ್ತಕ ಬಿಡುಗಡೆಯ ಸಭೆಗೆ ಹೋಗಿ. ಬಣ್ಣದ ಕಾಗದ, ಅದರ ಮೇಲೆ ಜರಿಯ ದಾರ. ಅತಿಥಿಗಳು ದಾರ ಬಿಚ್ಚಲು ಪರದಾಡುತ್ತಾರೆ, ಯಾರೋ ಕತ್ತರಿ ತರಲು ಓಡುತ್ತಾರೆ, ಕೊನೆಗೆ ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿದು ಫೋಟೋ. ವೇದಿಕೆಯಲ್ಲಿ ಕೂತವರಿಗೆಲ್ಲ ಒಂದೊಂದು ಪ್ರತಿ, ಮುಂದಿನ ಸಾಲಿನ ಹಿರಿಯರಿಗೆ ಒಂದೊಂದು, ಪತ್ರಿಕೆಗಳಿಗೆ ಎರಡೆರಡು. ಬಾಗಿಲ ಹತ್ತಿರ ಒಂದು ಮೇಜು. ಮೇಜಿನ ಹಿಂದೆ ಪ್ರಕಾಶಕನ ಹೆಂಡತಿಯೋ ತಮ್ಮನೋ ಚಿಲ್ಲರೆಯ ಡಬ್ಬಿ ಇಟ್ಟುಕೊಂಡು ಕೂತಿರುತ್ತಾರೆ. ಉಪ್ಪಿಟ್ಟು ಕೇಸರಿಬಾತು ಮುಗಿಸಿ ಹೊರಟವರಲ್ಲಿ ಕೆಲವರು ಪುಸ್ತಕ ತಿರುವಿ ಹಾಕಿ, ಲೇಖಕರ ಕಡೆ ತಿರುಗಿ, “ಸಾರ್, ನಮಗೊಂದು ಕಾಪಿ?” ಎನ್ನುತ್ತಾರೆ. ಅದನ್ನು ಪ್ರೀತಿಯಿಂದಲೇ ಕೇಳುತ್ತಾರೆ. ಕೊಡದಿದ್ದರೆ ಪ್ರೀತಿ ಕಡಿಮೆಯಾಯಿತು ಎಂದು ತಿಳಿಯುತ್ತಾರೆ. ಕೊಳ್ಳುವವರು ಕೇಳುವುದು ಇನ್ನೊಂದು: ಇವತ್ತು ಎಷ್ಟು ಪರ್ಸೆಂಟ್?

ರಿಯಾಯಿತಿ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ತಿಂಗಳ ಕೊನೆಯಲ್ಲಿ ಮೂವತ್ತು ರೂಪಾಯಿ ಮೂವತ್ತು ರೂಪಾಯಿಯೇ, ವಿದ್ಯಾರ್ಥಿಗಳಿಗಂತೂ. ಆದರೆ ನಾಟಕದ ಟಿಕೆಟಿಗೆ, ಹೋಟೆಲಿನ ದೋಸೆಗೆ, ಕ್ಷೌರಕ್ಕೆ ಚೌಕಾಸಿ ಮಾಡದ ಮನುಷ್ಯ ಪುಸ್ತಕಕ್ಕೆ ಮಾತ್ರ ಯಾಕೆ ಮಾಡುತ್ತಾನೆ ಎಂದು ಯೋಚಿಸಬೇಕು. ಪುಸ್ತಕ ಒಂದು ಉಪಕಾರ, ಕೊಳ್ಳುವುದು ಇನ್ನೊಂದು ಉಪಕಾರ, ಎರಡು ಉಪಕಾರಗಳ ನಡುವೆ ಪೂರ್ತಿ ಬೆಲೆ ಎಂಬುದು ಸ್ವಲ್ಪ ಒರಟು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿದ್ಯೆಯನ್ನು ಮಾರಬಾರದು ಎಂಬ ಹಳೆಯ ನಂಬಿಕೆಯ ನೆರಳು ಇದು ಇರಬಹುದು. ಆ ನಂಬಿಕೆ ಇದ್ದ ಕಾಲದಲ್ಲಿ ವಿದ್ಯೆ ಕೊಟ್ಟವನಿಗೆ ಊಟ ಹಾಕುವ ಏರ್ಪಾಡೂ ಇತ್ತು ಎಂಬುದನ್ನು ಮರೆತು ನೆರಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಆನ್‌ಲೈನ್ ಮಾರಾಟ ಬಂದ ಮೇಲೆ ದೂರದೂರಿನ ಓದುಗನಿಗೆ ಕನ್ನಡ ಪುಸ್ತಕ ಸಿಗುವುದು ಸಲೀಸಾಯಿತು. ಪ್ರಕಾಶಕರೇ ವಾಟ್ಸಾಪಿನಲ್ಲಿ ಮುಖಪುಟ ಹಾಕುತ್ತಾರೆ, ಫೋನ್‌ಪೇ ಮಾಡಿದರೆ ಮೂರನೆಯ ದಿನ ಪುಸ್ತಕ. ಅಂಗಡಿಯ 70 ರೂಪಾಯಿ ಉಳಿಯಿತಲ್ಲ ಎಂದು ಒಬ್ಬ ಪ್ರಕಾಶಕ ಮಿತ್ರರು ನನ್ನ ಹತ್ತಿರ ವಾದ ಮಾಡಿದರು. ಉಳಿಯಿತು ನಿಜ. ಹಾಗೆ ಮಾರಲು ಸಾಧ್ಯವಾಗುವುದು ಹೆಸರು ಗೊತ್ತಿರುವ ಪುಸ್ತಕವನ್ನು. ಹುಡುಕುವ ಪೆಟ್ಟಿಗೆಯಲ್ಲಿ ಏನು ಬರೆಯಬೇಕೆಂದು ಓದುಗನಿಗೆ ಮೊದಲೇ ತಿಳಿದಿರಬೇಕು. ಕೆರೆಯ ಪುಸ್ತಕವೊಂದಿದೆ ಎಂದೇ ಗೊತ್ತಿಲ್ಲದವಳು ಅದನ್ನು ಹೇಗೆ ಹುಡುಕುತ್ತಾಳೆ? ಜೆರಾಕ್ಸ್ ಮಾಡಿಸಲು ಬಂದು, ಯಂತ್ರ ಬಿಸಿಯಾಗುವವರೆಗೆ ನಿಂತು, ಕಣ್ಣು ಹಾಯಿಸಿ ಕಂಡುಕೊಳ್ಳಬೇಕು. ಅಂಗಡಿಯ ಆ 35 ಪರ್ಸೆಂಟ್ ಈ ಆಕಸ್ಮಿಕಕ್ಕೆ ಕೊಡುವ ಬಾಡಿಗೆ. ಅದೇ ಅಂಗಡಿಯಲ್ಲಿ ಪುಸ್ತಕ ನೋಡಿ, ಫೋಟೋ ತೆಗೆದುಕೊಂಡು, ಹೊರಗೆ ಬಂದು ಹತ್ತು ರೂಪಾಯಿ ಕಡಿಮೆಗೆ ಮೊಬೈಲಿನಲ್ಲಿ ತರಿಸುವವರು ಇನ್ನೊಬ್ಬರು ಕಟ್ಟಿದ ಬಾಡಿಗೆಯ ಮನೆಯಲ್ಲಿ ಇದ್ದು ಬಂದಂತೆ.

ಎಲ್ಲರೂ ಕೈತೊಳೆದುಕೊಂಡ ಮೇಲೆ ಖರ್ಚು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಇವತ್ತು ಎಷ್ಟೋ ಹೊಸ ಲೇಖಕರು ಅಚ್ಚಿನ ಖರ್ಚನ್ನು ತಾವೇ ಕೊಟ್ಟು ಪುಸ್ತಕ ತರುತ್ತಾರೆ, ಪ್ರತಿಗಳನ್ನು ಮನೆಗೆ ತಂದುಕೊಂಡು ಮಂಚದ ಕೆಳಗಿಡುತ್ತಾರೆ. ಇಪ್ಪತ್ತೈದರ ಒಬ್ಬ ಹುಡುಗಿ, ಖಾಸಗಿ ಶಾಲೆಯ ಟೀಚರು, ಎರಡು ತಿಂಗಳ ಸಂಬಳ ಕೊಟ್ಟು ಕವನ ಸಂಕಲನ ತಂದಳೆಂದರೆ ಗಳಗನಾಥರ ಗಂಟು ಅವಳ ತಲೆಗೆ ಬಂತು. ವ್ಯತ್ಯಾಸವೆಂದರೆ ಗಳಗನಾಥರು ಊರೂರು ತಿರುಗಿದರೆ ಜನ ಕೊಳ್ಳುತ್ತಿದ್ದರು. ಇವಳು ಎಲ್ಲರಿಗೂ ಹಂಚಬೇಕು.

ಕೇರಳದವರು ಇದಕ್ಕೆ ಬೇರೆ ದಾರಿ ಹುಡುಕಿದ್ದರು. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಮಂದಿ ಲೇಖಕರು ಸೇರಿ 120 ರೂಪಾಯಿ ಬಂಡವಾಳದಲ್ಲಿ ಸಹಕಾರ ಸಂಘ ಕಟ್ಟಿದರು, ಆಮೇಲೆ ನ್ಯಾಷನಲ್ ಬುಕ್ ಸ್ಟಾಲ್ ಅದರ ಕೈಗೆ ಬಂದು ಅಂಗಡಿಗಳೂ ಆದವು. ಲೇಖಕನಿಗೆ ಸಿಗುತ್ತಿದ್ದ ಗೌರವಧನ ಮುಖಬೆಲೆಯ ನೂರಕ್ಕೆ 30. ನಮ್ಮ ಹತ್ತರ ಮುಂದೆ ಅದನ್ನಿಟ್ಟು ನೋಡಿ. ಆ ಸಂಘಕ್ಕೂ ಆಮೇಲೆ ಕಷ್ಟಗಳು ಬಂದವು, ಸಹಕಾರ ಸಂಘಗಳಿಗೆ ಬರುವ ಎಲ್ಲ ಕಷ್ಟಗಳೂ. ಮಲೆನಾಡಿನಲ್ಲಿ ಅಡಿಕೆಗೆ ಸಹಕಾರ ಸಂಘ ಕಟ್ಟಿ ನಡೆಸುವುದು ಗೊತ್ತಿರುವ ನಾವು ಪುಸ್ತಕಕ್ಕೆ ಅಷ್ಟು ಗಟ್ಟಿಯಾಗಿ ಕಟ್ಟಲಿಲ್ಲ. ಅಡಿಕೆ ನಮ್ಮದು, ಪುಸ್ತಕ ಬರೆದವರದ್ದು ಎಂದುಕೊಂಡೆವೋ ಏನೋ.

ಚಂದಾ ಮತ್ತೆ ಶುರು ಮಾಡಬಹುದಲ್ಲ ಎಂದು ಮಾತು ಬಂದಾಗಲೆಲ್ಲ ನಾನೊಂದು ಲೆಕ್ಕ ಹೇಳುತ್ತೇನೆ. ಒಂದು ಜಿಲ್ಲೆಯಲ್ಲಿ ನೂರು ಮಂದಿ ವರ್ಷಕ್ಕೆ ಸಾವಿರ ರೂಪಾಯಿ ಮುಂಗಡ ಕೊಟ್ಟರೆ ಒಂದು ಲಕ್ಷ. ಮೇಲಿನ ಲೆಕ್ಕದಲ್ಲಿ ಎರಡು ಪುಸ್ತಕ ಅಚ್ಚಾಗಿ ಸ್ವಲ್ಪ ಉಳಿಯುತ್ತದೆ. ಪ್ರತಿಗಳನ್ನು ಮನೆಗೆ ಕಳಿಸದೆ ಆಯಾ ಊರಿನ ಜೆರಾಕ್ಸ್ ಅಂಗಡಿಗೆ ಕಳಿಸಿ, ಅಲ್ಲಿಂದಲೇ ಒಯ್ಯಿರಿ ಎಂದರೆ ಅಂಗಡಿಯವನಿಗೂ ಪ್ರತಿಗಿಷ್ಟು ಎಂದು ಕೊಡಬಹುದು, ಚಂದಾದಾರನ ಕಣ್ಣೂ ಉಳಿದ ಕಪಾಟಿನ ಮೇಲೆ ಬೀಳುತ್ತದೆ. ನೂರು ಜನ ಸಿಗುವುದು ಕಷ್ಟವೇನಲ್ಲ. ಒಂದು ಜಿಲ್ಲೆಯ ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ಅದರ ಹತ್ತು ಪಟ್ಟು ಜನ ನಿಂತಿರುತ್ತಾರೆ.

ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಆಮೇಲೆ ಒಬ್ಬರು ತಪ್ಪದೆ ಕೇಳುತ್ತಾರೆ: ಯಾವ ಪುಸ್ತಕ ಬರುತ್ತದೆ ಅಂತ ಮೊದಲೇ ಹೇಳ್ತೀರಾ? ನಮಗೆ ಬೇಡದ್ದು ಬಂದರೆ? ಕಾಯುವ ಖರ್ಚಿನಲ್ಲಿ ದುಡ್ಡಿನ ಪಾಲು ಸಣ್ಣದು ಎಂದು ನನಗೆ ಅರ್ಥವಾದದ್ದು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಮೇಲೆ. ಚಂದಾ ಕಟ್ಟಿದವನು ಸಾವಿರ ರೂಪಾಯಿಯ ಜತೆಗೆ ಆರಿಸುವ ಹಕ್ಕನ್ನೂ ಸ್ವಲ್ಪ ಕಾಲ ಇನ್ನೊಬ್ಬರ ಕೈಗೆ ಕೊಡುತ್ತಾನೆ. ಮನೋಹರ ಗ್ರಂಥಮಾಲೆಯಿಂದ 1965ರಲ್ಲಿ ಒಂದು ತೆಳ್ಳನೆಯ ಕಾದಂಬರಿ ಬಂತು. ಅಗ್ರಹಾರ, ಕೊಳೆಯುತ್ತಿರುವ ಹೆಣ, ಸಂಸ್ಕಾರ ಮಾಡುವವರಿಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿ ಸಿಟ್ಟಾದವರು ಆಗ ಕಡಿಮೆ ಇರಲಿಲ್ಲ. ಮಾಲೆಯನ್ನು ನಂಬಿ ವರ್ಷವರ್ಷ ಹಣ ಕಟ್ಟಿಕೊಂಡು ಬಂದಿದ್ದ ಸಂಪ್ರದಾಯಸ್ಥ ಮನೆಗಳೂ ಎಷ್ಟೋ ಇದ್ದಿರಬೇಕು. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿದ್ದರೆ ಅಂಥ ಮನೆಯ ಯಜಮಾನರು ಅದನ್ನು ಮರಳಿ ಇಟ್ಟು ಬರುತ್ತಿದ್ದರು. ಕಟ್ಟು ಬಿಚ್ಚಿದ ಮೇಲೆ ಅದು ಮನೆಯೊಳಗೆ ಬಂದಾಗಿತ್ತು, ದುಡ್ಡೂ ಕೊಟ್ಟಾಗಿತ್ತು. ಅವರು ಓದಿ ಬೈದರೋ, ಓದದೆ ಬೈದರೋ, ಹೇಗೂ ಪುಸ್ತಕ ಮನೆಯಲ್ಲೇ ಉಳಿಯಿತು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರು.